ಗಿರಿ ಹತ್ತುವ ಜೀಪಿಗೆ ಎಂಪಿಎಕ್ಸ್ 4115ಎ ಸೆನ್ಸರ್

ಚಿಕ್ಕಮಗಳೂರಿನ ನಮ್ಮ ಕಾಫಿ ತೋಟದ ಹಳೆಯ ಪೆಟ್ರೋಲ್ ಜೀಪಿನಿಂದ ಕಾರ್ಬ್ಯುರೇಟರ್ ತೆಗೆದು, ಸ್ಪೀಡುಯಿನೋ ಎಂಬ ಎಂಜಿನ್ ನಿಯಂತ್ರಕ ಬೋರ್ಡಿನಿಂದ ನಡೆಯುವ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯನ್ನು ಮನೆಯಲ್ಲೇ ಕೂಡಿಸುವಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎಂಜಿನ್ ಎಳೆದುಕೊಳ್ಳುವ ಗಾಳಿಯನ್ನು ಅಳೆಯುವ ಪ್ರಶ್ನೆ. ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ತಪ್ಪಿದರೆ ಉಳಿದದ್ದು ಸರಿಯಿದ್ದೂ ಪ್ರಯೋಜನವಿಲ್ಲ.

ಮೊದಲು ಗುಜರಿಯಿಂದ ತಂದ ಹಾಟ್ ವೈರ್ ಸೆನ್ಸರ್ ಹಾಕಿದ್ದೆ. ಕಾದ ತಂತಿ ತಣಿಯದಂತೆ ಕಾಯಲು ಬೇಕಾಗುವ ವಿದ್ಯುತ್ತಿನಿಂದ ಅದು ಗಾಳಿಯ ದ್ರವ್ಯರಾಶಿಯನ್ನೇ ಅಳೆಯುತ್ತದೆ, ತತ್ತ್ವವಾಗಿ ಅದು ಉತ್ತಮವೇ. ಆದರೆ ಎಣ್ಣೆ ಹಚ್ಚಿದ ಏರ್ ಫಿಲ್ಟರ್ ದಾಟಿ ಬಂದ ಕೆಂಪು ಧೂಳು ತಂತಿಗೆ ಮೆತ್ತಿಕೊಂಡು ಅಳತೆ ಕುಗ್ಗಿತು. ಏರಿನಲ್ಲಿ ನಿಧಾನವಾಗಿ ಹೋಗುತ್ತಾ ಥ್ರಾಟಲ್ ಪೂರ್ತಿ ತೆರೆದಾಗ ಹಿಂದಕ್ಕೆ ಬಡಿಯುವ ಗಾಳಿಯನ್ನೂ ಅದು ಒಳಹೋದ ಗಾಳಿಯೆಂದೇ ಎಣಿಸುತ್ತಿತ್ತು.

ಆದ್ದರಿಂದ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯ) ಒತ್ತಡ, ಗಾಳಿಯ ಉಷ್ಣತೆ ಮತ್ತು ಎಂಜಿನ್ ವೇಗ, ಈ ಮೂರರಿಂದ ಗಾಳಿಯನ್ನು ಲೆಕ್ಕ ಹಾಕುವ ದಾರಿ ಹಿಡಿದೆ. ಇಲ್ಲಿ ನಿರಪೇಕ್ಷ ಒತ್ತಡ, ಅಂದರೆ ಪೂರ್ಣ ನಿರ್ವಾತದಿಂದ ಎಣಿಸಿದ ಒತ್ತಡ, ಅಳೆಯುವ ಸೆನ್ಸರೇ ಬೇಕು; ಹೆಸರಿನ ಕೊನೆಯ ‘ಎ’ ಅದನ್ನೇ ಸೂಚಿಸುತ್ತದೆ. ಎಂಪಿಎಕ್ಸ್ 4250ಎ ಕೇಳಿದ್ದಕ್ಕೆ ಮಾರಾಟಗಾರರೊಬ್ಬರು ಎರಡು ಬದಿಯ ಒತ್ತಡಗಳ ವ್ಯತ್ಯಾಸವನ್ನಷ್ಟೇ ಅಳೆಯುವ 4250ಡಿ ಕಳಿಸಿದ್ದರು. ಎಂಜಿನ್ ಆರಿಸಿ ಕೀ ಮಾತ್ರ ತಿರುಗಿಸಿದಾಗ ನಮ್ಮೂರಿನಲ್ಲಿ 1.6 ವೋಲ್ಟ್ ತೋರಿಸಬೇಕಾದ ಜಾಗದಲ್ಲಿ ಮೀಟರ್ 0.2ರಲ್ಲೇ ನಿಂತಿತು. ಕೊನೆಯ ಆ ಒಂದಕ್ಷರವನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಿ.

ಕೊನೆಗೆ 4115ಎ ಆರಿಸಿದೆ. 4250ಎ ಅಳೆಯುವುದು 250 ಕಿಲೋಪ್ಯಾಸ್ಕಲ್‌ವರೆಗೆ. ಟರ್ಬೋ ಇಲ್ಲದ ಎಂಜಿನ್ನಿಗೆ ಅದರ ಅರ್ಧಕ್ಕಿಂತ ಹೆಚ್ಚು ವ್ಯಾಪ್ತಿ ವ್ಯರ್ಥ. 15ರಿಂದ 115ರವರೆಗೆ ಮಾತ್ರ ಅಳೆಯುವ 4115ಎ ಪ್ರತಿ ಕಿಲೋಪ್ಯಾಸ್ಕಲಿಗೆ ಸುಮಾರು 46 ಮಿಲಿವೋಲ್ಟ್ ಕೊಡುತ್ತದೆ, ಇನ್ನೊಂದು ಕೊಡುವುದು ಸುಮಾರು 20. ಐಡ್ಲಿಂಗ್ ಎಷ್ಟು ನಯವಾಯಿತೆಂದರೆ ಗೇರ್ ಲಿವರ್ ಮೇಲೆ ಕೈಯಿಟ್ಟರೇ ವ್ಯತ್ಯಾಸ ತಿಳಿಯುತ್ತದೆ.

ಸುಮಾರು 1,090 ಮೀಟರ್ ಎತ್ತರದ ಪೇಟೆಯಲ್ಲಿ ವಾಯುಒತ್ತಡ 89 ಕಿಲೋಪ್ಯಾಸ್ಕಲ್ ಆಸುಪಾಸು, 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ 80ರ ಹತ್ತಿರ. ಕಾರ್ಬ್ಯುರೇಟರ್ ಇದ್ದಾಗ ಕೈಮರ ದಾಟಿ ಮೇಲೇರಿದಂತೆ ಕಪ್ಪು ಹೊಗೆ ಬರುತ್ತಿದ್ದ ಜೀಪು, ಸೆನ್ಸರ್ ಒತ್ತಡ ಅಳೆದು ಪೆಟ್ರೋಲನ್ನು ಅದಕ್ಕೆ ಹೊಂದಿಸುವುದರಿಂದ, ಈಗ ಸೀತಾಳಯ್ಯನ ಗಿರಿಯವರೆಗೂ ಉಸಿರು ಕಟ್ಟದೆ ಹತ್ತುತ್ತದೆ.

ಕೊರತೆಯೂ ಇದೆ. ಎಂಜಿನ್ ಗಾಳಿ ತುಂಬಿಕೊಳ್ಳುವ ಸಾಮರ್ಥ್ಯದ ಕೋಷ್ಟಕವನ್ನು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಮನೆಮಂದಿ ಬೇಸರಪಡುವಷ್ಟು ದಿನ ತಿದ್ದಬೇಕಾಯಿತು. ಸೈಲೆನ್ಸರ್ ಬದಲಿಸಿದರೂ ಮತ್ತೆ ತಿದ್ದಬೇಕು. ಸೆನ್ಸರನ್ನು ಮ್ಯಾನಿಫೋಲ್ಡಿಗಿಂತ ಮೇಲೆ ಕೂರಿಸಿ, ಪೆಟ್ರೋಲಿನ ಆವಿ ತಣಿದು ಹನಿಯಾದರೂ ಕೆಳಕ್ಕೇ ಇಳಿಯುವಂತೆ ಕೊಳವೆಯನ್ನು ಇಳಿಜಾರಾಗಿ ಎಳೆಯಿರಿ.