ತಲಾಂತು ಅಂದರೆ ಪ್ರತಿಭೆಯಂತೆ! ನಾನು ಕೊಂಡ ಬೈಬಲ್ ಪದಕೋಶ

ಬೆಟಗೇರಿಯ ನಮ್ಮ ಚರ್ಚಿನಲ್ಲಿ ಹನ್ನೊಂದು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮಕ್ಕಳು ಏನಾದರೂ ಕೇಳಿದರೆ ‘ಮುಂದಿನ ವಾರ ಹೇಳ್ತೀನಿ’ ಅಂತ ಜಾರಿಕೊಂಡು ಜಾರಿಕೊಂಡು ನನಗೇ ನಾಚಿಕೆಯಾಗಿತ್ತು. ಉಜ್ಜೀವನ ಕೂಟವೊಂದರಲ್ಲಿ ಪುಸ್ತಕದ ಟೇಬಲ್ ಮೇಲೆ ಈ ಬೈಬಲ್ ಪದಕೋಶ ಕಂಡಿತು. 480 ರೂಪಾಯಿ. ಚೌಕಾಸಿ ಮಾಡಿದರೂ ಬಿಡಲಿಲ್ಲ. ಪುಸ್ತಕದ ಹೆಸರು ಬರೆಯುವುದಿಲ್ಲ, ಸುಮ್ನೆ ಯಾಕೆ ಜಗಳ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹೆಸರುಗಳ ಭಾಗ ತುಂಬಾ ಚೆನ್ನಾಗಿದೆ. ಬೇತ್ಲೆಹೇಮ್ ಅಂದರೆ ರೊಟ್ಟಿಯ ಮನೆ. ಇಸಾಕ ಅಂದರೆ ನಗುತ್ತಾನೆ, ಅವನ ತಾಯಿ ಸಾರಳು ನಕ್ಕಿದ್ದು ನೆನಪಿದೆಯಲ್ವಾ? ಇಸ್ರಾಯೇಲರಿಗೆ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ ಮನ್ನ. ಆ ಮಾತು ‘ಇದೇನು?’ ಎಂಬ ಪ್ರಶ್ನೆಯಿಂದ ಬಂದಿದ್ದು, ವಿಮೋಚನಕಾಂಡ 16ರಲ್ಲೇ ಇದೆ. ಇದನ್ನು ಓದಿ ಹೇಳಿದಾಗ ನಾಲ್ಕನೇ ಇಯತ್ತೆಯ ಹುಡುಗನೊಬ್ಬ ಎದ್ದು, ‘ಹಂಗಾರ ಅಕ್ಕೋರೆ, ಅವ್ರು ನಲ್ವತ್ತು ವರ್ಷ ಇದೇನು ತಿಂದ್ರೇನ್ರಿ?’ ಅಂದ. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಬೆನ್ಯಾಮೀನ ಅಂದರೆ ಬಲಗೈಯ ಮಗ ಎಂದೂ ಬರೆದಿದ್ದಾರೆ. ನಮ್ಮ ಅಣ್ಣನ ಮಗನ ಹೆಸರೂ ಅದೇ, ಆದರೆ ಅವನು ಎಡಚ. ವೈನಿಗೆ ಅದೇ ಒಂದು ಕೊರಗು. ಬೈಬಲಿನಲ್ಲಿ ಬೆನ್ಯಾಮೀನನ ಕುಲದವರೇ ಹೆಸರಾಂತ ಎಡಚರು! ಇಸ್ರಾಯೇಲರ ನಾಯಕ ಏಹೂದ ಎಡಚ. ನ್ಯಾಯಸ್ಥಾಪಕರು 20ರಲ್ಲಿ ಕೂದಲೆಳೆಯಷ್ಟೂ ಗುರಿ ತಪ್ಪದೆ ಕವಣೆ ಬೀಸುವ 700 ಎಡಚರು ಬರುತ್ತಾರೆ. ಇದನ್ನು ಪದಕೋಶ ಹೇಳುವುದಿಲ್ಲ. ನಾನೇ ವೈನಿಗೆ ಹೇಳಿದೆ.

ಇನ್ನು ತಕರಾರು. ಈ ಪುಸ್ತಕವನ್ನು ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಪದಗಳು ಎ, ಬಿ, ಸಿ ಕ್ರಮದಲ್ಲಿವೆ. ಮೊಳ ಹುಡುಕಬೇಕಾದರೆ ‘ಕ್ಯೂಬಿಟ್’ ಗೊತ್ತಿರಬೇಕು. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾದ ನಾಡಿದು. ಅಕಾರಾದಿ ಕ್ರಮ ಅಷ್ಟು ಕಷ್ಟವೇ?

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ತಲಾಂತಿಗೆ. ‘ತಲಾಂತು: ಪ್ರತಿಭೆ, ಸಾಮರ್ಥ್ಯ’ ಅಂತ ಒಂದೇ ಸಾಲು. ಅಲ್ಲ ಸ್ವಾಮಿ, ತಲಾಂತು ಹಣದ ಲೆಕ್ಕ! ಒಂದು ತಲಾಂತಿಗೆ 6000 ದಿನಾರಿ, ಅಂದರೆ ರೋಮನ್ನರ ಬೆಳ್ಳಿ ನಾಣ್ಯ. ಮತ್ತಾಯ 20ರ ದ್ರಾಕ್ಷೆತೋಟದ ಕಥೆಯಲ್ಲಿ ಕೂಲಿಯವನಿಗೆ ದಿನಕ್ಕೆ ಒಂದು ದಿನಾರಿ. ವರ್ಷಕ್ಕೆ 300 ದಿನ ದುಡಿದರೂ ಇಪ್ಪತ್ತು ವರ್ಷದ ಕೂಲಿ ಆಯಿತು. ಮತ್ತಾಯ 25ರ ಕಥೆಯಲ್ಲಿ ಧಣಿ ಕೊಟ್ಟ ಒಂದು ತಲಾಂತನ್ನು ಆಳು ಹೆದರಿ ಮಣ್ಣಲ್ಲಿ ಹೂತಿಟ್ಟನಲ್ಲ, ಅದು ಅಷ್ಟು ದುಡ್ಡು. ಆ ಕಥೆಯಿಂದಲೇ ಇಂಗ್ಲಿಷಿನವರ ‘ಟ್ಯಾಲೆಂಟ್’ಗೆ ಆಮೇಲೆ ಪ್ರತಿಭೆ ಎಂಬ ಅರ್ಥ ಬಂತು. ಅದನ್ನು ತಂದು ನಮ್ಮ ತಲಾಂತಿಗೆ ಅಂಟಿಸಿದ್ದಾರೆ. ಪದಕೋಶ ಓದಿದ ಮಗು, ಆ ಆಳು ಹಾಡು ಹೇಳಲು ನಾಚಿಕೊಂಡ ಅಂದುಕೊಳ್ಳುತ್ತದೆ ಅಷ್ಟೇ.

‘ಆರ್ಕ್’ ಕೂಡ ಹಾಗೇ. ನೋಹನ ಹಡಗು, ದಶಾಜ್ಞೆಯ ಕಲ್ಲಿನ ಹಲಗೆ ಇಟ್ಟಿದ್ದ ಪೆಟ್ಟಿಗೆ, ಎರಡನ್ನೂ ಒಂದೇ ಪದದ ಕೆಳಗೆ ತುರುಕಿದ್ದಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು, ನಿಜ. ಆದರೆ ಹೀಬ್ರೂವಿನಲ್ಲಿ ನೋಹನದು ತೇವಾ, ಆ ಪೆಟ್ಟಿಗೆ ಆರೋನ್. ನಮ್ಮ ಕನ್ನಡ ಬೈಬಲಿನಲ್ಲೂ ಒಂದು ನಾವೆ, ಇನ್ನೊಂದು ಮಂಜೂಷ. ಮೂಲದಲ್ಲಿ ಬೇರೆ, ಕನ್ನಡದಲ್ಲಿ ಬೇರೆ. ಗಂಟು ಬಿದ್ದಿರುವುದು ಮಧ್ಯದ ಇಂಗ್ಲಿಷಿನಲ್ಲಿ ಮಾತ್ರ. ಕೂಸು ಮೋಶೆಯನ್ನು ನದಿಯಲ್ಲಿ ಬಿಟ್ಟ ಪೆಟ್ಟಿಗೆಗೂ ಹೀಬ್ರೂವಿನಲ್ಲಿ ತೇವಾ ಅಂತಲೇ ಇದೆ. ನೋಹನ ನಾವೆಗೂ ಈ ಪೆಟ್ಟಿಗೆಗೂ ರಾಳ ಬಳಿದಿದ್ದಾರೆ, ಎರಡೂ ನೀರಿನಿಂದ ಜೀವ ಉಳಿಸಿವೆ. ಇಂಥದ್ದನ್ನು ತೋರಿಸಲಿ ಅಂತಲೇ ಅಲ್ವಾ ನಾವು ಪದಕೋಶ ಕೊಳ್ಳುವುದು?

ಮೊಳಕ್ಕೆ ‘18 ಅಂಗುಲದ ಅಳತೆ’ ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಸಂತೆಯಲ್ಲಿ ಇವತ್ತಿಗೂ ಮಲ್ಲಿಗೆ ಮಾರುವುದು ಮೊಳದಲ್ಲೇ. ಹೂವಿನಾಕೆಯ ಕೈ ಗಿಡ್ಡವಾದರೆ ನಮಗೆ ಲುಕ್ಸಾನು. ದಾವೀದ ಕವಣೆಯಿಂದ ಹೊಡೆದುರುಳಿಸಿದ ದೈತ್ಯ ಗೊಲ್ಯಾತ ಆರು ಮೊಳ ಒಂದು ಗೇಣು ಎತ್ತರ ಇದ್ದ. ಪುಸ್ತಕದ ಲೆಕ್ಕದಲ್ಲಿ ಒಂಬತ್ತು ಮುಕ್ಕಾಲು ಅಡಿ. ಮಕ್ಕಳು ತಮ್ಮ ಮೊಳದಲ್ಲೇ ಗೋಡೆ ಅಳೆದರು, ಗೊಲ್ಯಾತ ಏಳೂವರೆ ಅಡಿಗೆ ಇಳಿದ. ಮೃತ ಸಮುದ್ರದ ಬಳಿ ಸಿಕ್ಕ ಬೈಬಲಿನ ಹಳೆಯ ಕೈಬರಹದ ಸುರುಳಿಯೊಂದರಲ್ಲಿ, ಹಳೆಯ ಗ್ರೀಕ್ ಅನುವಾದದಲ್ಲಿ ಅವನ ಎತ್ತರ ನಾಲ್ಕು ಮೊಳ ಒಂದು ಗೇಣು ಅಂತಲೇ ಇದೆ. ಅಂದರೆ ಸುಮಾರು ಆರು ಮುಕ್ಕಾಲು ಅಡಿ. ಪದಕೋಶದಲ್ಲಿ ಇದರ ಸುದ್ದಿಯೇ ಇಲ್ಲ.

‘ಸೆಲಾ: ವಿರಾಮ’ ಅಂತಲೂ ಒಂದಿದೆ. ಕೀರ್ತನೆಗಳಲ್ಲಿ 71 ಸಲ, ಹಬಕ್ಕೂಕದಲ್ಲಿ 3 ಸಲ ಬರುವ ಈ ಪದದ ಬಗ್ಗೆ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ‘ಬಹುಶಃ’ ಅಂತ ಒಂದು ಮಾತು ಸೇರಿಸಿದ್ದರೆ ಗಂಟೇನು ಹೋಗುತ್ತಿತ್ತು? ಆಮೆನ್‌ಗೆ ‘ಹಾಗೆಯೇ ಆಗಲಿ’ ಅಂತಷ್ಟೇ ಇದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಮಾತು ಶುರು ಮಾಡುವುದೇ ‘ಆಮೆನ್ ಆಮೆನ್’ ಅಂತ. ನಮ್ಮ ಹಳೆಯ ಅನುವಾದದವರು ಅದನ್ನು ‘ನಿಜನಿಜವಾಗಿ ಹೇಳುತ್ತೇನೆ’ ಮಾಡಿದರು. ಎಷ್ಟು ಚೆಂದ! ಆ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಬರೆದಿದ್ದರೆ ಈ ಪುಸ್ತಕ ಬೇರೆಯೇ ಆಗಿರುತ್ತಿತ್ತು.

ಕಾಗದ ಪರವಾಗಿಲ್ಲ. ಅಕ್ಷರ ಸಣ್ಣದು, ನನಗೆ ಕನ್ನಡಕ ಬೇಕೇ ಬೇಕು. ಬೈಂಡಿಂಗ್ ಆರನೇ ತಿಂಗಳಿಗೇ ಬಿಟ್ಟುಕೊಂಡಿತು, ಮನೆಯಲ್ಲೇ ಹೊಲಿದೆ.

ಮಗುವಿಗೆ ಹೆಸರಿಡಲು ಅರ್ಥ ಹುಡುಕುತ್ತಿದ್ದರೆ ಧಾರಾಳವಾಗಿ ಕೊಳ್ಳಿ. ಪಾಠ ಹೇಳುವವರು ಕೊಂಡರೆ ಜೊತೆಗೆ ಒಂದು ಪೆನ್ಸಿಲನ್ನೂ ಕೊಳ್ಳಿ. ನನ್ನ ಪ್ರತಿಯ ಅಂಚುಗಳೆಲ್ಲ ತುಂಬಿಹೋಗಿವೆ, ತಲಾಂತಿನ ಪುಟಕ್ಕೆ ಬೇರೆ ಹಾಳೆಯನ್ನೇ ಅಂಟಿಸಿದ್ದೇನೆ.