ಹೊಳಪು ನೋಡಿ ಬೇಲಿ ಕಂಬ ತಗೋಬೇಡಿ

ಬೇಲಿಗೋ, ಗೇಟಿಗೋ, ಮನೆ ಕಟ್ಟೋದಕ್ಕೋ ಉಕ್ಕು ತರಿಸುತ್ತಿದ್ದೀರಾ? ಹಾಗಾದರೆ ಬಿಲ್ಲಿನಲ್ಲಿ ಬರೀ ‘ಜಿಐ’ (ಸತು ಹಚ್ಚಿದ ಉಕ್ಕು) ಅಂತಲೋ ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಅಂತಲೋ ಬರೆಸಿಕೊಂಡು ಸುಮ್ಮನಾಗಬೇಡಿ. ನಮ್ಮದು ಉಪ್ಪು ಗಾಳಿ ಬೀಸುವ ಜಾಗ. ಅದನ್ನು ಮೊದಲೇ ಹೇಳಿ ಆರ್ಡರ್ ಕೊಟ್ಟಿದ್ದೆವು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಕಂಬಗಳ ಬುಡ ಕೆಂಪಾಯಿತು. ವೆಲ್ಡಿಂಗ್ ಮಾಡಿದ ಕಡೆಯಿಂದೆಲ್ಲ ತುಕ್ಕಿನ ನೀರು ಗೆರೆಗೆರೆಯಾಗಿ ಇಳಿಯತೊಡಗಿತು. ‘ಎಂದಿಗೂ ತುಕ್ಕು ಹಿಡಿಯಲ್ಲ’ ಎಂದು ಕೊಟ್ಟಿದ್ದ ಸ್ಟೀಲ್ ಗೇಟಿನ ಮೇಲೆ ಕಂದು ಚುಕ್ಕೆ ಎದ್ದವು.

ಸರಕು ಕೊಟ್ಟವರನ್ನು ಕೇಳಿದರೆ ಸಿಕ್ಕ ಉತ್ತರ ಇಷ್ಟೇ: “ಬಿಲ್ ನೋಡಿ, ಜಿಐ ಅಂತ ಇದೆ. ಕೊಟ್ಟಿರೋದೂ ಜಿಐನೇ.”

ಕಂಬದ ಮಟ್ಟಿಗೆ ಅದು ಸುಳ್ಳೂ ಅಲ್ಲ! ಸಿಟ್ಟು ಬರೋದು ಅದಕ್ಕೇ. ಸತುವಿನ ಲೇಪ ಇರುವ ಯಾವ ಉಕ್ಕನ್ನಾದರೂ ಜಿಐ ಅನ್ನಬಹುದು. ಆ ಲೇಪ ಎಷ್ಟು ದಪ್ಪ, ಯಾವಾಗ ಹಚ್ಚಿದ್ದು ಅನ್ನೋದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಲೇಪ ಹಚ್ಚುವ ರೀತಿ ಮುಖ್ಯವಾಗಿ ಮೂರು. ಒಂದು ಹಾಟ್ ಡಿಪ್. ಕತ್ತರಿಸಿ, ತೂತು ಕೊರೆದು, ವೆಲ್ಡಿಂಗ್ ಎಲ್ಲ ಮುಗಿಸಿದ ಮೇಲೆ ಇಡೀ ಕಂಬವನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಐಎಸ್‌ಒ 1461 ಮಾನದಂಡದ ಪ್ರಕಾರ, 3ರಿಂದ 6 ಮಿಲಿಮೀಟರ್ ದಪ್ಪದ ಉಕ್ಕಿನ ಮೇಲೆ ಸರಾಸರಿ 70 ಮೈಕ್ರಾನ್ ಸತು ಇರಬೇಕು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದಕ್ಕಿಂತ ದಪ್ಪ ಉಕ್ಕಿಗೆ 85. ಎರಡನೆಯದು, ಮೊದಲೇ ಸತು ಹಚ್ಚಿದ ತಗಡನ್ನು ಸುತ್ತಿ ಮಾಡಿದ ಪೈಪು. ಅದರ ಮೇಲೆ ಝಡ್ 275 ಅಂತಿದ್ದರೆ ಎರಡೂ ಬದಿ ಸೇರಿ ಚದರ ಮೀಟರಿಗೆ 275 ಗ್ರಾಂ ಸತು ಎಂದರ್ಥ. ಕೇಳೋಕೆ ಜಾಸ್ತಿ ಅನಿಸುತ್ತೆ, ಅಲ್ವಾ? ಒಂದು ಬದಿಗೆ ಲೆಕ್ಕ ಹಾಕಿದರೆ ಬರೋದು ಸುಮಾರು 20 ಮೈಕ್ರಾನ್. ಮೂರನೆಯದು ಕರೆಂಟ್ ಹರಿಸಿ ಮಾಡುವ ಲೇಪ. ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್, ಅಷ್ಟೇ. ಅಂಗಡಿಯಲ್ಲಿ ಎಲ್ಲಕ್ಕಿಂತ ನುಣ್ಣಗೆ, ಫಳಫಳ ಹೊಳೆಯೋದು ಇದೇ.

ಈಗ ಲೆಕ್ಕ ನೋಡಿ. ಕಡಲಿಂದ, ಕಾರ್ಖಾನೆಯಿಂದ ದೂರವಿರುವ ಒಣ ಜಾಗದಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನ್ ಕೂಡ ಸವೆಯುವುದಿಲ್ಲ. ಉಪ್ಪು ಗಾಳಿ ಜೋರಾಗಿ ಹೊಡೆಯುವ ಕಡೆ ವರ್ಷಕ್ಕೆ 4ರಿಂದ 8 ಮೈಕ್ರಾನ್ ಹೋಗುತ್ತದೆ. ವರ್ಷಕ್ಕೆ 5 ಎಂದುಕೊಂಡರೂ 85 ಮೈಕ್ರಾನ್ 17 ವರ್ಷ ಬರುತ್ತದೆ, 20 ಮೈಕ್ರಾನ್ 4 ವರ್ಷ. 8 ಮೈಕ್ರಾನ್ ಎರಡು ವರ್ಷವೂ ಬಾಳುವುದಿಲ್ಲ. ನಮ್ಮಲ್ಲಿ ಲೇಪದ ದಪ್ಪ ಅಳೆಯುವ ಗೇಜು ಹಿಡಿದು ನೋಡಿಸಿದಾಗ ಕಂಬದ ಮೇಲೆ 20ರ ಆಸುಪಾಸು ಇತ್ತು. ಬೋಲ್ಟು, ಕ್ಲಾಂಪುಗಳ ಮೇಲೆ 8. ಅಂದರೆ ಬೋಲ್ಟು, ಕ್ಲಾಂಪಿಗೆ ತುಕ್ಕು ಬರಬೇಕಾದ ಹೊತ್ತಿಗೇ ಬಂದಿತ್ತು. ಕಂಬಕ್ಕೆ ಮಾತ್ರ ಲೆಕ್ಕಕ್ಕಿಂತ ಬೇಗ ಬಂತು.

ನಿಜವಾದ ಮೋಸ ನಡೆದಿದ್ದು ವೆಲ್ಡಿಂಗ್ ಜಾಗದಲ್ಲಿ. ಸತು 420 ಡಿಗ್ರಿ ಹತ್ತಿರ ಕರಗುತ್ತದೆ, 907ಕ್ಕೆ ಕುದಿದು ಆವಿಯಾಗುತ್ತದೆ. ವೆಲ್ಡಿಂಗ್ ಕಿಡಿಯ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಜಿಐ ಪೈಪಿಗೆ ವೆಲ್ಡ್ ಮಾಡಿದ ಕಡೆಯೆಲ್ಲ ಸತು ಬಿಳಿ ಹೊಗೆಯಾಗಿ ಹೋಗುತ್ತದೆ. (ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಪಕ್ಕದಲ್ಲಿ ನಿಂತು ನೋಡಬೇಡಿ.) ಉಳಿಯೋದು ಬರೀ ಕಬ್ಬಿಣ. ಅದರ ಮೇಲೆ ಸತುವಿನ ಪುಡಿ ತುಂಬಿದ ಜಿಂಕ್ ರಿಚ್ ಪೇಂಟ್ ಬಳಿಯಬೇಕು. ನಮ್ಮ ಕಂಬಗಳಿಗೆ ಬಳಿದಿದ್ದು ಸಾದಾ ಬೆಳ್ಳಿ ಬಣ್ಣ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದಕ್ಕೇ ಬಳಿಯೋದು. ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿ. ಓದಲು ಬಿಡದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಬುಡ ಕೆಂಪಾಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಾಂಕ್ರೀಟನ್ನು ಕಂಬದ ಸುತ್ತ ಚಪ್ಪಟೆಯಾಗಿ, ನೆಲಕ್ಕಿಂತ ಒಂಚೂರು ತಗ್ಗಿಗೆ ಬಿಟ್ಟಿದ್ದರು. ನೀರು ಅಲ್ಲೇ ನಿಂತಿತು. ಕಾಂಕ್ರೀಟಿನ ಮೇಲ್ಮೈ ನೆಲಕ್ಕಿಂತ ಎತ್ತರವಿರಬೇಕು, ಕಂಬದಿಂದ ಹೊರಕ್ಕೆ ಇಳಿಜಾರಾಗಿರಬೇಕು.

ಗೇಟಿನ ಕಥೆ ಬೇರೆ. ಅದನ್ನು ಮಾರುವಾಗ ಮ್ಯಾಗ್ನೆಟ್ ಹಿಡಿದು ತೋರಿಸಿದ್ದರು. “ನೋಡಿ, ಅಂಟಲ್ಲ. ಪಕ್ಕಾ 304.” ಈ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. 304 ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಜಾತಿ, ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್. ನಿಕ್ಕಲ್ ದುಬಾರಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್, ನೈಟ್ರೋಜನ್ ಸೇರಿಸಿದರೆ 201, 202 ಅನ್ನುವ ಅಗ್ಗದ ಜಾತಿ ಆಗುತ್ತದೆ. ಅದಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ! ಅದೇ ಅಸಲಿ 304 ಅನ್ನು ತಣ್ಣಗಿರುವಾಗ ಬಗ್ಗಿಸಿದರೆ ಆ ತಿರುವಿನಲ್ಲಿ ಮ್ಯಾಗ್ನೆಟ್ ಸ್ವಲ್ಪ ಎಳೆಯುತ್ತದೆ. ಇನ್ನು 430 ಸ್ಟೇನ್‌ಲೆಸ್ಸೇ, ಆದರೂ ಮ್ಯಾಗ್ನೆಟ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗಾಗಿ ಮ್ಯಾಗ್ನೆಟ್ಟಿನಿಂದ 304ನ್ನೂ 202ನ್ನೂ ಬೇರೆ ಮಾಡೋಕಾಗಲ್ಲ. ಮ್ಯಾಂಗನೀಸ್ ಪತ್ತೆ ಮಾಡುವ ಹನಿ ಕಿಟ್ ಸಿಗುತ್ತದೆ. ದೊಡ್ಡ ಕೆಲಸವಾದರೆ, ಲೋಹದಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಎಕ್ಸ್‌ಆರ್‌ಎಫ್ ಗನ್ ಹಿಡಿದು ಪರೀಕ್ಷೆ ಮಾಡಿಸಿ. ನಮ್ಮ ಗೇಟನ್ನು ಹಾಗೆ ನೋಡಿಸಿದಾಗ ಅದು 202 ಎಂದು ತಿಳಿಯಿತು. ಆಗ ಮಾತ್ರ ಅವರ ಬಾಯಿ ಕಟ್ಟಿತು, ಯಾಕೆಂದರೆ ಗೇಟಿನ ಬಿಲ್ಲಿನಲ್ಲಿ 304 ಅಂತ ಅಂಕಿ ಸಮೇತ ಬರೆದಿತ್ತು. ಗೇಟು ವಾಪಸ್ ಹೋಯಿತು. ಕಂಬಗಳ ದುಡ್ಡು ಬರಲಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಗೇಟಿನ ಮೇಲಿನ ಎಲ್ಲ ಚುಕ್ಕೆಗೂ ಅದರ ಜಾತಿಯೇ ಕಾರಣವಲ್ಲ. ಪಕ್ಕದಲ್ಲೇ ಸಾದಾ ಕಬ್ಬಿಣವನ್ನು ಗ್ರೈಂಡರ್‌ನಲ್ಲಿ ಉಜ್ಜಿದ್ದರು. ಆ ಪುಡಿ ಸ್ಟೇನ್‌ಲೆಸ್ ಮೇಲೆ ಬಿದ್ದರೆ ಎಂಥ ಒಳ್ಳೆ ಸ್ಟೀಲಿನ ಮೇಲೂ ಕಂದು ಕಲೆ ಎದ್ದೇಳುತ್ತದೆ. ಇನ್ನು ಕಡಲ ಪಕ್ಕದಲ್ಲಿ 304 ಕೂಡ ಕಲೆ ಹಿಡಿಯುತ್ತದೆ. ಅಲ್ಲಿಗೆ 316 ಬೇಕು, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುತ್ತದೆ.

ಜಾಲರಿಯಲ್ಲೂ ಒಂದು ಆಟ ಇದೆ. ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿಯನ್ನು ‘3.5 ಎಂಎಂ’ ಎಂದು ಮಾರುತ್ತಾರೆ. ಪ್ಲಾಸ್ಟಿಕ್ ಸುಲಿದರೆ ಒಳಗಿನ ತಂತಿ 2.5 ಇರುತ್ತದೆ. ಅಡ್ಡ ಕೊಯ್ದ ಅಳತೆಯಲ್ಲಿ ಅದು 3.5ರ ಅರ್ಧ ಮಾತ್ರ, ಬಲವೂ ಅಷ್ಟೇ. ಒಳಗಿನ ತಂತಿಗೆ ಸತು ಇದೆಯೋ ಬರೀ ಕಪ್ಪು ತಂತಿಯೋ ಅನ್ನೋದನ್ನೂ ಸುಲಿದೇ ನೋಡಬೇಕು. ಕಪ್ಪು ತಂತಿಯಾದರೆ ಹೊರಗೆ ಹಸಿರಾಗಿರುವಾಗಲೇ ಒಳಗೆ ಕೊಳೆಯುತ್ತಿರುತ್ತದೆ. ತಂತಿಯ ವ್ಯಾಸ, ಸತುವಿನ ತೂಕ ಎರಡನ್ನೂ ಪ್ಲಾಸ್ಟಿಕ್ ಬಿಟ್ಟು ಬರೆಸಿಕೊಳ್ಳಿ.

ಮನೆ ಕಟ್ಟುವ ಸರಳಿನಲ್ಲಿ ನಮಗೇನೂ ತೊಂದರೆ ಆಗಲಿಲ್ಲ. ಆದರೂ ತೂಕ ನೋಡೋದು ಸುಲಭ, ಹೇಳಿಬಿಡುತ್ತೇನೆ. ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತಗೊಂಡು ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಬರುವುದು ಒಂದು ಮೀಟರಿನ ತೂಕ, ಕಿಲೋ ಲೆಕ್ಕದಲ್ಲಿ. 12 ಎಂಎಂ ಸರಳಿಗೆ 0.89. ಒಂದು ಮೀಟರ್ ತುಂಡು ಅದಕ್ಕಿಂತ ತುಂಬ ಹಗುರವಾಗಿದ್ದರೆ ಇಳಿಸಿಕೊಳ್ಳಬೇಡಿ.

ಮತ್ತೆ ಕಂಬ ಮಾಡಿಸಿದಾಗ ಆರ್ಡರಿನಲ್ಲೇ ಹೀಗೆ ಬರೆಸಿದೆವು: ಎಲ್ಲ ವೆಲ್ಡಿಂಗ್, ತೂತು ಮುಗಿದ ಮೇಲೆ ಐಎಸ್‌ಒ 1461 ಪ್ರಕಾರ ಹಾಟ್ ಡಿಪ್, ಬೋಲ್ಟು, ಕ್ಲಾಂಪು ಕೂಡ ಹಾಟ್ ಡಿಪ್, ಇಳಿಸುವಾಗ ಗೇಜಿನಲ್ಲಿ ಅಳೆದು ಒಪ್ಪಿಗೆಯಾದರೆ ಮಾತ್ರ ಉಳಿದ ಹಣ. ಉಕ್ಕಿನ ಕಾರ್ಖಾನೆ ಕೊಡುವ ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರು (ಒಂದು ಸಲಕ್ಕೆ ಕರಗಿಸಿದ ಉಕ್ಕಿಗೆ ಕೊಡುವ ನಂಬರು) ಸರಕಿನ ಚೀಟಿಯ ಮೇಲಿನ ನಂಬರಿಗೆ ಹೊಂದಬೇಕು ಎಂದೂ ಸೇರಿಸಿದೆವು. ಹೊಂದದ ಸರ್ಟಿಫಿಕೇಟು ಯಾವುದೋ ಬೇರೆ ಉಕ್ಕಿನದು. ಪೈಪಿನ ಎರಡೂ ತುದಿ ಮುಚ್ಚಿದ್ದರೆ ಅದ್ದುವ ಮೊದಲು ಗಾಳಿ ಹೋಗಲು ತೂತು ಬಿಡಲೇಬೇಕು, ಇಲ್ಲದಿದ್ದರೆ ಬಿಸಿ ಸತುವಿನಲ್ಲಿ ಪೈಪು ಸಿಡಿಯುತ್ತದೆ. ಆ ತೂತು ಕಂಡರೆ ಗಾಬರಿಯಾಗಬೇಡಿ, ವೆಲ್ಡಿಂಗ್ ಆದಮೇಲೆ ಅದ್ದಿದ್ದಾರೆ ಅನ್ನುವುದಕ್ಕೆ ಅದೂ ಒಂದು ಗುರುತು.

ಹೊಸ ಕಂಬ ಬಂದ ಮೇಲೆ ಒಂದರ ಮೇಲೊಂದು ಒತ್ತಾಗಿ ಪೇರಿಸಿ, ಒದ್ದೆಯಲ್ಲಿ ಟಾರ್ಪಾಲ್ ಮುಚ್ಚಿ ಇಡಬೇಡಿ. ಗಾಳಿಯಾಡದೆ ಸತುವಿನ ಮೇಲೆ ಬಿಳಿ ಪುಡಿ ಬರುತ್ತದೆ. ನಡುವೆ ಮರದ ಪಟ್ಟಿ ಕೊಟ್ಟು, ನೀರು ಹರಿದುಹೋಗುವಂತೆ ಒಂದು ಕಡೆ ಸ್ವಲ್ಪ ಎತ್ತರಿಸಿ ಇಟ್ಟರೆ ಸಾಕು.