ಚಹಾ ಕಲೆ ಬಿದ್ದಿದ್ದ ಅಂಚು ಕತ್ತರಿಸಿ ನಾನು ಸಿಕ್ಕಿಬಿದ್ದೆ

ಹಳೇ ಫೋಟೋ ಅಂದರೆ ನನಗೆ ಮೊದಲಿಂದಲೂ ಹುಚ್ಚು. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಬಸ್ಸಿನಲ್ಲಿ ಕೂತು ಊರಿನ ಹಳೆಯ ಚಿತ್ರ ಹುಡುಕುವುದು, ನನ್ನ ಫೇಸ್‌ಬುಕ್ ಪುಟಕ್ಕೆ ಹಾಕುವುದು, ಲೈಕ್ ಎಣಿಸುವುದು. ಇಂಥ ಪುಟ ನಡೆಸುವವರು ಈಗ ಊರಿಗೆ ಹತ್ತು ಜನ ಇದ್ದೀರಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ವಾಟ್ಸಾಪ್ ಗುಂಪಿಗೆ ಸುಭಾಷ್ ರಸ್ತೆಯ ಒಂದು ಕಪ್ಪು-ಬಿಳುಪು ಫೋಟೋ ಬಂತು. ಮಾಳಿಗೆ ಮೇಲೆ ನಿಂತು ತೆಗೆದದ್ದು. ಟಾಂಗಾ, ಸೈಕಲ್ಲು, ಪಟಗಾ ಸುತ್ತಿದ ರೈತರು, ಕೊಡೆ ಹಿಡಿದ ಮಾಸ್ತರು. ಕೆಳಗೆ ಬಿಳಿ ಅಂಚು, ಅದರ ಮೂಲೆಯಲ್ಲಿ ಏನೋ ಉಬ್ಬು ಮುದ್ರೆ. ಅಂಚಿನ ತುಂಬ ಚಹಾ ಕಲೆ. ಚಂದ ಕಾಣಲಿ ಅಂತ ಅದನ್ನು ಕತ್ತರಿಸಿದೆ. ಆ್ಯಪಿಗೆ ಹಾಕಿ ಬಣ್ಣ ತುಂಬಿಸಿದೆ. ನಟ್ಟನಡುವೆ ನನ್ನ ಪುಟದ ಹೆಸರಿನ ವಾಟರ್‌ಮಾರ್ಕ್ ಬೇರೆ. ಮೇಲೆ ಬರೆದದ್ದು ಇಷ್ಟು: ‘1930ರ ಧಾರವಾಡ. ಕೃಪೆ: ಅಂತರ್ಜಾಲ.’ 1930 ಎಲ್ಲಿಂದ ಬಂತು ಅಂತೀರಾ? ಟಾಂಗಾ ಕಂಡಿತಲ್ಲ, ಅಷ್ಟೇ.

ಫೋಟೋ ಓಡಿತು ನೋಡಿ, ಮೂರು ದಿನ ಫೋನು ಸುಮ್ಮನಿರಲಿಲ್ಲ. ವರ್ಷದ ಕೊನೆಗೆ ಗದಗಿನ ಒಂದು ಅಂಗಡಿಯವರು ಅದನ್ನೇ ಕ್ಯಾಲೆಂಡರಿಗೆ ಅಚ್ಚು ಹಾಕಿಸಿದರು. ನನ್ನನ್ನು ಒಂದು ಮಾತೂ ಕೇಳದೆ! ಸಿಟ್ಟಿನಲ್ಲಿ ಫೋನು ಮಾಡಿದೆ. “ಕೃಪೆ ಅಂತರ್ಜಾಲ ಅಂತ ನೀವ ಬರದೀರಲ್ರಿ ಸರ” ಅಂದರು. ಉತ್ತರ ಇರಲಿಲ್ಲ.

ನಿಜವಾದ ಏಟು ಬಿದ್ದದ್ದು ಯುಗಾದಿ ಕಳೆದ ಮೇಲೆ. ಆ ಕ್ಯಾಲೆಂಡರ್ ನೋಡಿದ ಹಿರಿಯರೊಬ್ಬರು ನನ್ನ ನಂಬರ್ ಹುಡುಕಿಕೊಂಡು ಮನೆಗೇ ಬಂದರು. ಕೈಯಲ್ಲಿ ಒಂದು ಕಂದು ಲಕೋಟೆ. ಒಳಗೆ ಅದೇ ಫೋಟೋ, ಅಸಲಿ ಪ್ರಿಂಟು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದೇ ಚಹಾ ಕಲೆ. ಬೋರಲು ಹಾಕಿ ತೋರಿಸಿದರು. ಹಿಂದೆ ನೇರಳೆ ಶಾಯಿಯ ಸ್ಟುಡಿಯೋ ಸಿಕ್ಕಾ, ಅದರ ಕೆಳಗೆ ಪೆನ್ಸಿಲ್‌ನಲ್ಲಿ ‘ಮಾರ್ಚ್ 64’.

“ನಿಮ್ಮ ಹೆಸರು ಹಾಕ್ಕೊಂಡೀರಿ, ಇರ್ಲಿ. ನಮ್ಮಪ್ಪನ ಹೆಸರು ಯಾಕ ಕತ್ತರಿಸಿದ್ರಿ ತಮ್ಮಾ?”

ಆಮೇಲೆ ಬೆರಳಿಟ್ಟು ಒಂದೊಂದೇ ತೋರಿಸಿದರು. ಎಡಗಡೆ ಅಂಬಾಸಿಡರ್ ಕಾರಿನ ಮೂತಿ. ಅಂಬಾಸಿಡರ್ ತಯಾರಾಗಲು ಶುರುವಾದದ್ದೇ 1950ರ ದಶಕದ ಕೊನೆಗೆ. ಹಿಂದಿನ ಕಚೇರಿ ಫಲಕದಲ್ಲಿ ‘ಮೈಸೂರು ಸರ್ಕಾರ’. ಧಾರವಾಡ 1956ರ ನವೆಂಬರ್‌ವರೆಗೂ ಮುಂಬೈ ರಾಜ್ಯಕ್ಕೆ ಸೇರಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ; ಮೈಸೂರು ಅನ್ನೋ ಹೆಸರು ಹೋಗಿ ಕರ್ನಾಟಕ ಆದದ್ದು 1973ರಲ್ಲಿ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ನಾನು 1930 ಅಂದಿದ್ದೆ.

‘ಹಳೇದು ಅಂದರೆ ಎಲ್ಲರದೂ’ ಅಂತ ನನ್ನ ತಲೆಯಲ್ಲಿತ್ತು. ಅದು ಅರ್ಧ ಮಾತ್ರ ನಿಜ. ನಮ್ಮ ಈಗಿನ ಕಾಪಿರೈಟ್ ಕಾಯ್ದೆ 1957ರದು, ಜಾರಿಗೆ ಬಂದದ್ದು 1958ರ ಜನವರಿಯಲ್ಲಿ. ಅದಕ್ಕೂ ಮೊದಲು ಇಲ್ಲಿ ತೆಗೆದ ಫೋಟೋಗಳಿಗೆ ಹಕ್ಕು ಇದ್ದದ್ದು ನೆಗೆಟಿವ್ ಆದಲ್ಲಿಂದ 50 ವರ್ಷ, ಅದು ಮುಗಿದಿದೆ. ಆಮೇಲಿನವು ಹಾಗಲ್ಲ. 2012ರ ತಿದ್ದುಪಡಿ ಪ್ರಕಾರ ಫೋಟೋಗ್ರಾಫರ್ ಬದುಕಿರುವವರೆಗೂ, ತೀರಿಕೊಂಡ ಮೇಲೆ 60 ವರ್ಷವೂ ಹಕ್ಕು ಇರುತ್ತದೆ. ಈ ಹಿರಿಯರ ತಂದೆ ತೀರಿಕೊಂಡದ್ದು 1991ರಲ್ಲಿ. 2051 ಮುಗಿಯುವವರೆಗೆ ಅದು ಅವರ ಮನೆಯದೇ. ಅಲ್ಲದೆ, ಕೃತಿ ಮಾಡಿದವನ ಹೆಸರಿಗೇ ಬೇರೆ ಹಕ್ಕಿದೆ, ಕಲಂ 57ರಲ್ಲಿ. ನಾನು ಕತ್ತರಿಸಿದ ಅಂಚಿನಲ್ಲಿದ್ದದ್ದು ಅದೇ.

ಹಕ್ಕು ಮುಗಿದ ಫೋಟೋಗಳ ಗತಿಯೂ ಬೇರೆ ಇಲ್ಲ ಬಿಡಿ. ಧಾರವಾಡ, ಮೈಸೂರು ಸೀಮೆಯ ಕಟ್ಟಡಗಳ ಮೇಲೆ 1866ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಬಂತು. ಫೋಟೋ ಪಿಗೌ, ನೀಲ್, ಬಿಗ್ಸ್ ಅವರದು, ಇತಿಹಾಸ ಬರೆದವರು ಮೆಡೋಸ್ ಟೇಲರ್. ಆ ಕಾಲದ ಲಕ್ಕುಂಡಿ, ಗದಗಿನ ಗುಡಿಗಳ ಚಿತ್ರ ಈಗ ‘200 ವರ್ಷ ಹಿಂದಿನ ಫೋಟೋ’ ಅಂತ ಸುತ್ತುತ್ತವೆ. ಫೋಟೋ ತೆಗೆಯೋ ವಿದ್ಯೆ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ, ಮಾರಾಯರೇ!

ಹಿರಿಯರು ದುಡ್ಡು ಕೇಳಲಿಲ್ಲ, ಕೋರ್ಟು ಅನ್ನಲಿಲ್ಲ. ನಮ್ಮವ್ವ ಕೊಟ್ಟ ಚಹಾ ಕುಡಿದು ಹೊರಟರು. ಬಾಗಿಲಲ್ಲಿ ನಿಂತು, ಮನೆಯಲ್ಲಿ ಒಂದು ಟ್ರಂಕಿನ ತುಂಬ ನೆಗೆಟಿವ್ ಇವೆ ಎಂದರು. ಉಣಕಲ್ ಕೆರೆ, ದುರ್ಗದ ಬೈಲು, ಹಳೇ ಸಂತೆ. ನನ್ನ ಬಾಯಲ್ಲಿ ನೀರೂರಿತು. ಒಮ್ಮೆ ನೋಡಬಹುದಾ ಅಂದೆ. “ತೋರಸೂಣು ಅಂತಿದ್ದೆ. ಈಗ ಮನಸಿಲ್ಲ” ಅಂದು ಚಪ್ಪಲಿ ಮೆಟ್ಟಿದರು.

ಈಗ ಯಾವ ಫೋಟೋ ಬಂದರೂ ಮೊದಲು ಗೂಗಲ್ ಲೆನ್ಸಿಗೆ ಹಾಕಿ, ಅದೇ ಚಿತ್ರ ಬೇರೆಲ್ಲಿ ಇದೆ ಅಂತ ಹುಡುಕುತ್ತೇನೆ. ಕಳಿಸಿದವರನ್ನು ಕೇಳುತ್ತೇನೆ: ಅಸಲಿ ಯಾರ ಹತ್ತಿರ ಇದೆ? ಬೆನ್ನ ಕಡೆ ಏನಾದರೂ ಬರೆದಿದೆಯಾ? ಅದರ ಫೋಟೋನೂ ಕಳಿಸಿ. ಹತ್ತರಲ್ಲಿ ಎಂಟು ಜನ ‘ಗೊತ್ತಿಲ್ರಿ, ಫಾರ್ವರ್ಡು’ ಅನ್ನುತ್ತಾರೆ. ಅವನ್ನು ಬಿಡುತ್ತೇನೆ. ಪುಟ ಸ್ವಲ್ಪ ಸಪ್ಪಗಾಗಿದೆ. ಅಂಚು ಮಾತ್ರ ಮುಟ್ಟುವುದಿಲ್ಲ, ಕಲೆ ಇದ್ದರೆ ಇರಲಿ.

ಆ ಪೋಸ್ಟ್ ಅಳಿಸಿದೆ, ತಪ್ಪಾಯಿತು ಅಂತ ಅವರ ತಂದೆಯ ಹೆಸರು ಹಾಕಿ ಬರೆದೆ. ಅದನ್ನು ಹಂಚಿಕೊಂಡವರು ನಾಲ್ಕೇ ಜನ. ಮೊನ್ನೆ ಹಾವೇರಿಯ ನಮ್ಮ ಮೌಶಿ ನನಗೇ ಒಂದು ಫೋಟೋ ಕಳಿಸಿದ್ದರು, ‘ನೋಡೋ, ನಿಮ್ಮ ಧಾರವಾಡ!’ ಅಂತ. ಅದೇ ಸುಭಾಷ್ ರಸ್ತೆ, ಅದೇ ಬಣ್ಣ, ನಡುವೆ ನನ್ನ ವಾಟರ್‌ಮಾರ್ಕ್. ಇಸವಿ ಮಾತ್ರ 1920 ಆಗಿತ್ತು.